ಪೆನ್ಸಿಲ್ಲಿನಲ್ಲಿ ಬರೆದಿದ್ದ ಪೊಳ್ಳು ನೆಲ

ದೊಡ್ಡಪ್ಪ,

ನಿನ್ನ ನಿಬ್ಬಿನ ಪೆನ್ನಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದ್ದರೆ ಬೈಯಬೇಡ. ನೀನು ಹೋದ ಮೂರು ವರ್ಷದಲ್ಲಿ ಇದನ್ನು ಮುಟ್ಟಿದ್ದು ಪ್ರಿಂಟುಗಳ ಕೆಳಗೆ ಸಹಿ ಹಾಕುವುದಕ್ಕೆ ಮಾತ್ರ. ಇಡೀ ಹಾಳೆ ಬರೆಯುವ ಅಭ್ಯಾಸವೇ ತಪ್ಪಿಹೋಗಿದೆ, ಮೂರನೆಯ ಸಾಲಿಗೇ ಬೆರಳು ನೋಯುತ್ತಿದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಬಹುದಿತ್ತು. ಆದರೆ ಅಲ್ಲಿ ಅಳಿಸುವುದು ಬಹಳ ಸುಲಭ, ಹೇಳಬೇಕಾದದ್ದನ್ನೇ ಅಳಿಸಿಬಿಡುತ್ತೇನೇನೋ ಎಂದು ನನಗೇ ನನ್ನ ಮೇಲೆ ಅನುಮಾನ. ನಾನೊಂದು ತಪ್ಪು ಮಾಡಿದ್ದೇನೆ. ನೀನಿದ್ದಿದ್ದರೆ ಕನ್ನಡಕದ ಮೇಲಿಂದ ಒಂದು ಸಲ ನೋಡುತ್ತಿದ್ದೆ, ಅಷ್ಟೇ. ಅದೇ ಸಾಕಾಗುತ್ತಿತ್ತು.

ಮೊದಲ ಸಲ ನನ್ನ ಕೈಗೆ ಪೆನ್ನು ಕೊಟ್ಟ ದಿನ ನೆನಪಿದೆಯಾ? ಮೈಸೂರು ಮೈನ್ಸಿನ ಡ್ರಾಯಿಂಗ್ ಆಫೀಸಿಗೆ ನಿನಗೆ ಊಟ ತಂದಿದ್ದೆ. ನೀನು ನಿಬ್ಬನ್ನು ಹಳೇ ಬನಿಯನ್ ತುಂಡಿಗೆ ಒರೆಸುತ್ತಾ ಮೇಜಿನ ಮೇಲೆ ಹರಡಿದ್ದ ಚಿನ್ನದ ಗಣಿಯ ನಕ್ಷೆ ತೋರಿಸಿದ್ದೆ. ನೆಲದ ಕೆಳಗಿನ ದಾರಿಗಳೆಲ್ಲ ಕಪ್ಪು ಇಂಕಿನಲ್ಲಿ. ಅವುಗಳ ಪಕ್ಕದಲ್ಲಿ ಕಂಡೂ ಕಾಣದ ಹಾಗೆ ಪೆನ್ಸಿಲ್ಲಿನ ಚುಕ್ಕಿ ಚುಕ್ಕಿ ಸುತ್ತುಗಳು. "ಇದಕ್ಯಾಕೆ ಇಂಕ್ ಆಕಿಲ್ಲ?" ಎಂದು ಕೇಳಿದೆ.

"ಅಳೆದಿದ್ದಕ್ಕೆ ಇಂಕು, ಕೇಳಿದ್ದಕ್ಕೆ ಪೆನ್ಸಿಲ್ಲು ಕಣಮ್ಮಣ್ಣಿ. ಇಲ್ಲಿ ಒಳಗೆ ಪೊಳ್ಳೈತೆ ಅಂತ ಯಾರೋ ಹಳೇ ಆಳು ಏಳಿದ್ದು. ನಾವು ಇಳಿದು ನೋಡಿಲ್ಲ. ಅಂಗಂತ ಸುಳ್ಳು ಅನ್ನಾಕಾಯ್ತದಾ?"

ನನಗಾಗ ಹತ್ತೋ ಹನ್ನೊಂದೋ ವರ್ಷ. ಪೆನ್ನು ಸಿಕ್ಕ ಖುಷಿಯಲ್ಲಿ ನಿನ್ನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಗಣಿ ಮುಚ್ಚಿದ ಮೇಲೆ ಕೈ ಸುಮ್ಮನಿರದೆ ಮನೆಯಲ್ಲೇ ಕೂತು ನಮ್ಮ ಗಣಿಯೂರು ಕೋರಮಂಡಲ್ ಸುತ್ತಮುತ್ತಲಿನ ನೆಲದಡಿಯ ದೊಡ್ಡ ನಕ್ಷೆ ಬರೆದೆಯಲ್ಲ, ನೀನು ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಬಂಗಾರಪೇಟೆ ಸ್ಟೇಷನ್ ಹತ್ತಿರದ ನನ್ನ ಮಹಡಿ ರೂಮು ಗೊತ್ತಲ್ಲ. ರೈಲು ಹೋದಾಗಲೆಲ್ಲ ಪ್ರಿಂಟರ್ ಮೇಜು ನಡುಗುತ್ತದೆ ಎಂದು ನೀನು ನಗುತ್ತಿದ್ದೆ. ಮದುವೆ ಕಾರ್ಡು, ಪಾಸ್‌ಪೋರ್ಟ್ ಫೋಟೋ ಎಲ್ಲ ಮುಗಿಸಿ ಉಳಿದ ಹೊತ್ತು ನನ್ನ ಕಲೆಗೆ. ನಿನ್ನ ನಕ್ಷೆಯನ್ನು ಹದಿನಾರು ತುಂಡಾಗಿ ಸ್ಕ್ಯಾನ್ ಮಾಡಿ ಜೋಡಿಸಿದೆ. ಆಮೇಲೆ ಶುಚಿ ಮಾಡಲು ಕೂತೆ. ಕಾಫಿ ಕಲೆ, ಬೆರಳಿನ ಗುರುತು, ಮಡಿಕೆ ಎಲ್ಲ ಹೋಗಲಿ, ಕಪ್ಪು ಕಪ್ಪಾಗಲಿ, ಬಿಳಿ ಬಿಳಿಯಾಗಲಿ ಎಂದು ತಿದ್ದಿದೆ. ಪೆನ್ಸಿಲ್ಲಿನ ಸುತ್ತುಗಳೂ ಕೊಳೆಯ ಜೊತೆಗೇ ಹೋದವು. ಕಂಡಿರಲಿಲ್ಲವಾ? ಕಂಡಿದ್ದವು ದೊಡ್ಡಪ್ಪ. ಅಳಿಸದೆ ಮರೆತ ಕರಡು ಗೆರೆ ಅಂದುಕೊಂಡೆ. ಅಳಿಸುವಾಗ ಶಿಳ್ಳೆ ಬೇರೆ ಹಾಕುತ್ತಿದ್ದೆ.

ಒಳ್ಳೆಯ ಹತ್ತಿಯ ಕಾಗದದ ಮೇಲೆ ಹನ್ನೊಂದು ಪ್ರತಿ ತೆಗೆದೆ. ಪ್ರತಿಯೊಂದರ ಕೆಳಗೂ ಇದೇ ಪೆನ್ನಿನಲ್ಲಿ ಮೊದಲು ನಿನ್ನ ಹೆಸರು, ಆಮೇಲೆ ನನ್ನದು. ಬಂಗಾರಪೇಟೆಯಲ್ಲೇ ಒಂದು ಪ್ರದರ್ಶನದಲ್ಲಿ ಮಾರಾಟಕ್ಕಿಟ್ಟೆ, ನೋಡಿದವರೆಲ್ಲ ಎಷ್ಟು ಅಚ್ಚುಕಟ್ಟು ಅಂದರು. ನಾನು ಉಬ್ಬಿಹೋದೆ.

ಕೊನೆಯ ದಿನಗಳಲ್ಲೂ ನಿನಗೆ ಹಾಲು ತಪ್ಪಿಸದ ಮುನಿರತ್ನಕ್ಕನಿಗೆ ಮೊದಲ ಪ್ರತಿ ಕೊಟ್ಟೆ. ಕೋರಮಂಡಲ್‌ನ ಅಂಚಿನಲ್ಲಿದೆಯಲ್ಲ ಅವಳ ಮನೆ, ಅಲ್ಲಿ ದೇವರ ಪಟದ ಪಕ್ಕದಲ್ಲೇ ನೇತುಹಾಕಿದಳು. ಹೋದ ವರ್ಷ ಹಸುಗಳಿಗೆ ಹೊಸ ಕೊಟ್ಟಿಗೆ, ಅದಕ್ಕೆ ಒತ್ತಿಕೊಂಡು ಮಗ ಸೊಸೆಗೆ ಒಂದು ರೂಮು ಕಟ್ಟಿಸಿದಳು. ಜಾಗ ಯಾವುದೆಂದು ಯಾರನ್ನೂ ಕೇಳಲಿಲ್ಲ. ಗೋಡೆಯ ಮೇಲಿದ್ದ ನಕ್ಷೆಯನ್ನು ಮಗನ ಕೈಯಲ್ಲಿ ಓದಿಸಿ, ಗೆರೆ ಇಲ್ಲದ ಕಡೆ ಪಾಯ ಹಾಕಿಸಿದಳು. ಇದೆಲ್ಲ ನನಗೆ ತಿಳಿದದ್ದು ಹೋದ ತಿಂಗಳು.

ಅವತ್ತು ಬಾಣಂತಿ ಸೊಸೆಯನ್ನು ನೋಡಲು ಹೋಗಿದ್ದೆ. ಮುನಿರತ್ನಕ್ಕ ಕೊಟ್ಟಿಗೆ ತೊಳೆಯುತ್ತಿದ್ದಳು. ಮೂಲೆಯಲ್ಲಿ ಸಿಮೆಂಟು ಕಡ್ಡಿ ತೂರುವಷ್ಟು ಬಿರುಕು ಬಿಟ್ಟಿತ್ತು. ಅವಳು ಸುರಿದ ಒಂದು ಬಕೆಟ್ ನೀರು ಮೋರಿಗೆ ಹೋಗಲಿಲ್ಲ. ಆ ಬಿರುಕಿನ ಹತ್ತಿರ ಹೋಗಿ ಇಲ್ಲವಾಯಿತು. ಇನ್ನೊಂದು ಬಕೆಟ್ ಸುರಿದಳು. ಅದೂ ಹಾಗೇ.

"ನೋಡ್ದಾ, ತೊಳೆಯೋಕೆ ಎಷ್ಟು ಸುಲ್ಬ! ಎಷ್ಟು ಉಯ್ದ್ರೂ ಕುಡೀತದೆ ಈ ನೆಲ" ಎಂದು ನಕ್ಕಳು. "ಒಂದೇ ತಕರಾರು, ಹಸು ಆ ಮೂಲೇಲಿ ಮಲಗಲ್ಲ. ಎಳ್ದು ಕಟ್ಟಿದ್ರೂ ನಿಂತೇ ಇರ್ತವೆ."

ಇಲ್ಲಿ ಯಾಕೆ ಕಟ್ಟಿಸಿದೆ ಅಕ್ಕ ಎಂದೆ. "ಅವಯ್ಯನ ನಕ್ಸೇಲಿ ಇಲ್ಲಿ ಏನೂ ಇಲ್ವಲ್ಲ ಕಣಮ್ಮ! ಗಟ್ಟಿ ನೆಲ" ಅಂದಳು. ಗೋಡೆಯಾಚೆ ರೂಮಿನಲ್ಲಿ ಮಗು ಅಳುತ್ತಿತ್ತು.

ಬಂಗಾರಪೇಟೆಗೆ ಬಂದು ನಿನ್ನ ಮೂಲ ನಕ್ಷೆಯನ್ನು ಗಾಜಿನ ಮೇಜಿನ ಮೇಲೆ ಹಾಸಿ ಕೆಳಗಿನ ಟ್ಯೂಬ್‌ಲೈಟ್ ಹಾಕಿದೆ. ಅವಳ ಕೊಟ್ಟಿಗೆ ಬರುವ ಜಾಗದಲ್ಲಿ ಸರಿಯಾಗಿ ಒಂದು ಚುಕ್ಕಿ ಸುತ್ತು. ಅದರ ಪಕ್ಕದಲ್ಲಿ ನಿನ್ನ ಸಣ್ಣ ಅಕ್ಷರ: "ಹಳಬರ ಅಗೆತ, ಮೇಲಿನ ಮಣ್ಣು ತೆಳು. ಮುನಿಶಾಮಿ ಹೇಳಿದ್ದು." ಅಂಥ ಸುತ್ತುಗಳು ಇನ್ನೂ ಎಷ್ಟೊಂದು! ಬಯಲಿನ ಉದ್ದಕ್ಕೂ ಇವೆ. ನೀನು ಅಷ್ಟು ಜನರನ್ನು ಕೇಳಿಕೊಂಡು ಬಂದು ಬರೆದಿಟ್ಟದ್ದನ್ನು ನಾನು...

ಎರಡು ದಿನ ಸುಮ್ಮನಿದ್ದೆ. ನಿನ್ನ ಹತ್ತಿರ ಮುಚ್ಚುಮರೆ ಯಾಕೆ? ನನ್ನ ಹೆಸರು ಕೆಡುತ್ತದೆ ಎಂಬ ಹೆದರಿಕೆ. ಮುನಿಶಾಮಿ ಹೇಳಿದ್ದು ತಪ್ಪೂ ಇರಬಹುದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮೂರನೆಯ ದಿನ ಸ್ಟೇಷನ್ನಿನಲ್ಲಿ ಯಾರದೋ ಕೂಸು ಅತ್ತಿತು ನೋಡು, ಕೂರಲಾಗಲಿಲ್ಲ. ನಕ್ಷೆ ಸುತ್ತಿಕೊಂಡು ಬಸ್ ಹತ್ತಿದೆ.

ಮುನಿರತ್ನಕ್ಕ ಮೊದಲು ನಂಬಲಿಲ್ಲ. "ಅವಯ್ಯ ಸುಳ್ಳು ಬರೆಯೋನಲ್ಲ" ಎಂದು ನನ್ನ ಮೇಲೇ ರೇಗಿದಳು. ಸುಳ್ಳು ಬರೆದದ್ದು ಅವನಲ್ಲ ಅಕ್ಕ, ನಾನು ಎಂದೆ. ಮಗನನ್ನು ಕರೆದು ಪೆನ್ಸಿಲ್ಲಿನ ಸಾಲು ಓದಿಸಿದಳು. ಮುನಿಶಾಮಿ ಎಂಬ ಹೆಸರು ಕೇಳಿದ್ದೇ ಕೂತುಬಿಟ್ಟಳು. ಅವನು ಅವಳ ಮಾವನಂತೆ, ದೊಡ್ಡಪ್ಪ! ನಿನಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

"ನಮ್ ಮಾವ ಸಾಯೋಗಂಟ ಅದ್ನೇ ಏಳ್ತಿದ್ದ, ಆ ಕಡೆ ಗುಣಿ ತೆಗೀಬ್ಯಾಡ್ರಿ ಅಂತ. ಮುದ್ಕನ ಮಾತು ಅಂತ ಬಿಟ್ವು. ನಕ್ಸೆ ನೋಡಿ ಧೈರ್ಯ ಮಾಡಿದ್ವು ಕಣೇ." ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆಯೊಳಗೆ ಸೊಸೆ, ಕೂಸು, ಹಸು ಎಲ್ಲವನ್ನೂ ತಮ್ಮನ ಮನೆಗೆ ಸಾಗಿಸಿದಳು.

ಆಮೇಲಿಂದ ನನ್ನ ಕೆಲಸ ಇದೇ. ಕೊಂಡವರನ್ನು ಹುಡುಕಿ ಅವರವರ ಮನೆಗೆ ಹೋಗಿ, ಚೌಕಟ್ಟು ಬಿಚ್ಚಿಸಿ, ನಿನ್ನ ಗಟ್ಟಿ ಪೆನ್ಸಿಲ್ಲಿನಲ್ಲಿ ಒಂದೊಂದೇ ಸುತ್ತು ಬರೆದು ಕೊಡುತ್ತಿದ್ದೇನೆ. ಒಬ್ಬಾಕೆ, ಅಷ್ಟು ಚೆಂದದ ಚಿತ್ರ ಹಾಳು ಮಾಡಿದಿರಿ ಅಂದರು. ಹತ್ತು ಪ್ರತಿ ಮುಗಿದವು.

ಹನ್ನೊಂದನೆಯದು ಸಿಕ್ಕಿಲ್ಲ. ಬಂಗಾರಪೇಟೆಯ ಪ್ರದರ್ಶನದ ಕೊನೆಯ ದಿನ ಬಂದಿದ್ದ ಒಬ್ಬರು ಕೊಂಡುಹೋದರು, ಹೆಸರು ಕೇಳಿರಲಿಲ್ಲ. ಎಲ್ಲರೂ ನಿನ್ನ ಗೆರೆ ನೋಡಿದರೆ ಅವರು ಗೆರೆ ಇಲ್ಲದ ಕಡೆಯೇ ಬೆರಳಿಟ್ಟು, "ಇಷ್ಟು ಜಾಗದ ಕೆಳಗೆ ಏನೂ ಇಲ್ಲ ತಾನೇಮ್ಮ?" ಎಂದು ಕೇಳಿದ್ದರು. ಏನೂ ಇಲ್ಲ ಸಾರ್, ಖಾಲಿ ಎಂದಿದ್ದೆ.

ನಿನ್ನೆ ಬಸ್ಸಿನಿಂದ ನೋಡಿದೆ. ಮುನಿರತ್ನಕ್ಕನ ಮನೆಯಾಚೆಯ ಬಯಲಿನಲ್ಲಿ, ಅವತ್ತು ಅವರು ಬೆರಳಿಟ್ಟ ಜಾಗದಲ್ಲೇ, ಸುಣ್ಣದ ಗೆರೆ ಎಳೆದು ಸೈಟಿನ ಕಲ್ಲು ನೆಟ್ಟಿದ್ದಾರೆ, ಸಾಲು ಸಾಲಾಗಿ. ಒಂದರಲ್ಲಿ ಆಗಲೇ ಪಾಯ ತೋಡುತ್ತಿದ್ದಾರೆ. ಮೂಲೆಯ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಗಂಡ ಹೆಂಡತಿ ಕೈಮುಗಿದು ನಿಂತಿದ್ದರು. ನಾಳೆ ಮೊದಲ ಬಸ್ಸಿಗೆ ನಿನ್ನ ನಕ್ಷೆ ಹಿಡಿದು ಅಲ್ಲಿಗೆ ಹೋಗುತ್ತೇನೆ ದೊಡ್ಡಪ್ಪ. ಅಗೆಯುವವರಿಗೆ, ಅಗೆಸುವವರಿಗೆ, ಕೇಳದವರಿಗೂ ಹೇಳುತ್ತೇನೆ. ನಂಬದಿದ್ದರೆ ನಂಬುವ ತನಕ ದಿನಾ ಹೋಗುತ್ತೇನೆ. ಅವರು ಅಗೆಯುತ್ತಿರುವುದು ನಿನ್ನ ಹೆಸರನ್ನು ನಂಬಿ, ಅದನ್ನು ಆ ಪ್ರತಿಯ ಕೆಳಗೆ ಬರೆದವಳು ನಾನು.