ಆರನೇ ನರ

ಸೆಪ್ಟೆಂಬರ್ 6, 1983, ಮಂಗಳವಾರ

ಗಾಜಿನ ಕ್ಲಾಸಿನಲ್ಲಿ ಮೇಡಂ ಇವತ್ತೂ ಏಳು ತುಂಡು ಬಿಚ್ಚಿಸಿದರು. ಗಾಜಿನ ಅಂಚಿಗೆ ತಾಮ್ರದ ಪಟ್ಟಿ ಸುತ್ತಿ, ಎರಡೂ ಕಡೆಗೆ ಸಮನಾಗಿ ಮಡಚಬೇಕು. ನನ್ನದು ಒಂದು ಕಡೆ ಕೂದಲೆಳೆಯಷ್ಟು ಜಾಸ್ತಿ. ಪಟ್ಟಿ ವಕ್ರವಾದರೆ ಬೆಸುಗೆಯೂ ವಕ್ರ. ಬೆಸುಗೆ ಹಿಡಿಯುವುದು ತಾಮ್ರಕ್ಕೆ, ಗಾಜಿಗಲ್ಲ. ಗೊತ್ತು. ಗೊತ್ತಿದ್ದದ್ದನ್ನೇ ಹತ್ತು ಸಲ ಹೇಳಿದರೆ ಮೈ ಉರಿಯುತ್ತದೆ. ಆದರೆ ವಕ್ರ ಇದ್ದದ್ದು ನಿಜ. ಬಿಚ್ಚಿದೆ.

ಮೊದಲ ಹಂತದಲ್ಲಿ ನಾಲ್ಕು ತುಂಡಿನ ಹೂ. ಈಗ ಎರಡನೇ ಹಂತ — ಎರಡಡಿ ಎತ್ತರದ ಫಲಕ, ಅರವತ್ತೆರಡು ತುಂಡು. ಉಳಿದ ನಾಲ್ವರೂ ನವಿಲು, ಕಮಲ. ನಾನು ನಮ್ಮ ವಠಾರದ ಗೋಡೆಗೆ ಹಬ್ಬಿರುವ ಹಾಗಲಬಳ್ಳಿ. ಪಕ್ಕದ ಮೇಜಿನ ರಾಮಾನುಜ ಸಾರ್, ರಿಟೈರ್ಡ್ ಡ್ರಾಫ್ಟ್ಸ್‌ಮನ್, ನೋಡಿ ನಕ್ಕರು. "ಕಹೀನ ಕಿಟಕಿಗೆ ಹಾಕ್ತೀಯೇನಯ್ಯಾ ಚಲುವರಾಜು?"

ಹಾಕುತ್ತೇನೆ.

ಸೆಪ್ಟೆಂಬರ್ 13, ಮಂಗಳವಾರ

ಅಲಮೇಲು ಮೇಡಂ ಸುದ್ದಿ ಹೇಳಿದರು. ಅಕ್ಕಿಪೇಟೆಯ ಅಕ್ಕಿ ಮಂಡಿ ನಾರಾಯಣಪ್ಪನವರು ಚಾಮರಾಜಪೇಟೆಯಲ್ಲಿ ವಾಚನಾಲಯ ಕಟ್ಟಿಸುತ್ತಿದ್ದಾರೆ. ಬಾಗಿಲ ಮೇಲೆ ಬಣ್ಣದ ಗಾಜಿನ ಕಿಟಕಿ ಬೇಕಂತೆ. 24ಕ್ಕೆ ಬಂದು ನಮ್ಮ ಫಲಕಗಳನ್ನು ನೋಡುತ್ತಾರೆ. ಯಾರದು ಹಿಡಿಸುತ್ತದೋ ಅವರು ಮೇಡಂ ಜೊತೆ ಕೂತು ಆ ಕಿಟಕಿ ಮಾಡಬೇಕು.

ನನಗೇ ಸಿಗಬೇಕು. ದಸರಾ ತನಕ ಬಿಡುತ್ತೇನೆ, ಆಮೇಲೆ ಟ್ಯುಟೋರಿಯಲ್ ಸೇರಿ ಎಸ್ಸೆಸ್ಸೆಲ್ಸಿಗೆ ಕೂತುಕೋ ಎಂದಿದ್ದಾರೆ ಅಪ್ಪ. ಅಪ್ಪ ಬಸವನಗುಡಿಯ ಪೋಸ್ಟ್‌ಮನ್. ಮೇಡಂಗೆ ಬರುವ ಫಾರಿನ್ ಪಾರ್ಸಲ್ ಕೊಡಲು ಹೋಗಿ, ಅವರ ಕಾರ್ ಶೆಡ್ಡಿನಲ್ಲಿ ಗಾಜಿನ ಕ್ಲಾಸು ನಡೆಯುವುದು ನೋಡಿ, ಮನೆಯಲ್ಲಿ ಒಬ್ಬ ಸುಮ್ಮನೆ ಕೂತಿದ್ದಾನೆ ಎಂದು ಕೇಳಿ ಸೇರಿಸಿದ್ದು ಅವರೇ. ಈಗ ಅವರಿಗೇ ನಂಬಿಕೆಯಿಲ್ಲ.

ಸ್ಕೂಲಿಗೆ ಮತ್ತೆ ಹೋಗುವುದಿಲ್ಲ. ಭೂಪಟ ಹರಿದದ್ದು ನಾನಲ್ಲ. ಹರಿದವನು ಯಾರೆಂದು ಹೆಡ್‌ಮಾಸ್ಟರಿಗೂ ಗೊತ್ತಿತ್ತು. ಆದರೂ ತಪ್ಪೊಪ್ಪಿಗೆ ಬರೆದುಕೊಟ್ಟರೆ ಮಾತ್ರ ಒಳಗೆ ಅಂದರು. ಬರೆಯಲಿಲ್ಲ. ಮೂರು ವರ್ಷವಾಯಿತು. ಈಗಲೂ ಬರೆಯುವುದಿಲ್ಲ.

ಸೆಪ್ಟೆಂಬರ್ 17, ಶನಿವಾರ

ಮುಂದಿನ ಮುಖದ ಬೆಸುಗೆ ಮುಗಿಯಿತು. ದೊಡ್ಡ ಎಲೆ ಚೆನ್ನಾಗಿ ಬಂತು — ಆರು ತುಂಡು, ನಡುವಿನ ಐದು ಬೆಸುಗೆ ಗೆರೆಯೇ ಐದು ನರ. ಹಿಂದಿನ ಮುಖ ಶುರು ಮಾಡಬೇಕು ಅನ್ನುವಾಗ ಕರೆಂಟು ಹೋಯಿತು. ಬೆಸುಗೆ ಐರನ್ ತಣ್ಣಗಾಯಿತು. ಒಂದು ಗಂಟೆ ಕಾದೆ. ಬರಲಿಲ್ಲ.

ಹೊರಡುವಾಗ ಮೇಡಂ ಎಲ್ಲರಿಗೂ ಮತ್ತೆ ಅದೇ ಪಾಠ. ಒಂದೇ ಮುಖ ಬೆಸೆದ ಫಲಕವನ್ನು ಅಡ್ಡಡ್ಡ ಎತ್ತಬಾರದು. ನಡು ಬಗ್ಗುತ್ತದೆ, ಗಾಜು ಸೀಳುತ್ತದೆ. ಮೊದಲು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸು, ಆಮೇಲೆ ಎರಡು ಕೈಯಲ್ಲಿ ಎತ್ತು. ಮೊದಲ ದಿನದಿಂದ ಕೇಳುತ್ತಿದ್ದೇನೆ. ಮೇಜಿನ ಮೇಲೇ ಬಿಟ್ಟು ಬಂದೆ.

ಸೆಪ್ಟೆಂಬರ್ 20, ಮಂಗಳವಾರ

ಹೋಗಿ ನೋಡಿದರೆ ಹಿಂದಿನ ಮುಖವೂ ಬೆಸೆದಾಗಿದೆ. ಚೌಕಟ್ಟು ಹಾಕಿ ಮೇಲೆ ಕಿಟಕಿಗೆ ನೇತುಹಾಕಿಯೂ ಆಗಿದೆ. ಟೈಮಿರಲಿಲ್ಲ, ಅದಕ್ಕೆ ನಾನೇ ಮುಗಿಸಿದೆ ಅಂದರು ಮೇಡಂ. ಮುಖ ಕೊಟ್ಟು ಮಾತಾಡಲಿಲ್ಲ.

ಬೇರೆ ಯಾರದನ್ನೂ ಮುಗಿಸಿಲ್ಲ. ರಾಮಾನುಜ ಸಾರ್ ಕಮಲ ಇನ್ನೂ ಅರ್ಧ. ನನ್ನದೇ ಯಾಕೆ? ನನಗೆ ಕೈಯಿಲ್ಲವೇ? ಸಿಟ್ಟಿನಲ್ಲಿ ಫಲಕವನ್ನು ಸರಿಯಾಗಿ ನೋಡಲೂ ಇಲ್ಲ. ಗಾಜಿನ ಚೂರು ಗುಡಿಸಿ ಬಂದೆ.

ಸೆಪ್ಟೆಂಬರ್ 24, ಶನಿವಾರ, ಮಧ್ಯಾಹ್ನ 2

ನನ್ನದೇ!

ನಾರಾಯಣಪ್ಪನವರು ನವಿಲನ್ನೆಲ್ಲ ದಾಟಿ ಬಂದು ಹಾಗಲಬಳ್ಳಿಯ ಮುಂದೆ ನಿಂತರು. ದೊಡ್ಡ ಎಲೆಯ ಒಂದು ನರ ತೋರಿಸಿದರು. "ಇದು ನೋಡಿ, ಹೆಂಗೆ ಬಾಗೈತೆ. ಜೀವ ಐತೆ ಇದ್ರಲ್ಲಿ. ಮಿಕ್ಕಿದ್ದೆಲ್ಲ ಸ್ಕೇಲ್ ಇಟ್ಟು ಎಳ್ದಂಗೈತೆ." ಹುಡುಗನೇ ಇರಲಿ ಅಂದರು. ಮೇಡಂ ನೆಲ ನೋಡುತ್ತಿದ್ದರು.

ಗಾಂಧಿ ಬಜಾರಿನಿಂದ ಮನೆ ತನಕ ಓಡಿಕೊಂಡೇ ಬಂದೆ. ಅಮ್ಮನಿಗೆ ಹೇಳಿದೆ.

ಅದೇ ದಿನ, ಸಂಜೆ 5

ಬಾಗಿದ ನರ? ನಾನು ಬಾಗಿದ ನರ ಹಾಕಿಲ್ಲ.

ಮೂಲ ಚಿತ್ರದ ಕಾಗದ ಹಾಸಿಗೆ ಕೆಳಗಿತ್ತು. ತೆಗೆದು ನೋಡಿದೆ. ಐದು. ನೇರ ನೇರ ಐದು. ಅಲ್ಲಿ ಕಿಟಕಿಯಲ್ಲಿರುವುದು, ಬಾಗಿದ್ದೂ ಸೇರಿ, ಆರು.

ಸೆಪ್ಟೆಂಬರ್ 26, ಸೋಮವಾರ

ಎರಡು ದಿನ ಯಾರಿಗೂ ಹೇಳಲಿಲ್ಲ. ಅಮ್ಮ ನೀರಿಗೆ ಹೋದಲ್ಲೆಲ್ಲ ನನ್ನ ವಿಷಯ ಹೇಳುತ್ತಿದ್ದಾಳೆ. ಕೇಳಿಸಿಕೊಂಡು ಸುಮ್ಮನಿದ್ದೆ. ಖುಷಿಯೂ ಆಯಿತು. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಈ ಪುಸ್ತಕವೂ ಸುಳ್ಳು.

ಸೆಪ್ಟೆಂಬರ್ 27, ಮಂಗಳವಾರ

ಎಲ್ಲರಿಗಿಂತ ಮುಂಚೆ ಹೋದೆ. ಕಾಗದ ಮೇಜಿನ ಮೇಲೆ ಇಟ್ಟೆ. ಮೇಡಂ ಕನ್ನಡಕ ತೆಗೆದರು. ಹಾಕಿಕೊಂಡರು.

ಕರೆಂಟು ಹೋದ ಆ ಶನಿವಾರ ನಾವು ಹೋದ ಮೇಲೆ ಯಾರೋ ನೆಂಟರು ಬಂದರಂತೆ. ಅವರಿಗೆ ತೋರಿಸಲು ಮೇಡಂ ತಾವೇ ನನ್ನ ಫಲಕ ಎತ್ತಿದರಂತೆ. ಅಡ್ಡಡ್ಡ. ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಕಾಫಿ ಲೋಟ. ಎಲೆಯ ತುಂಡು ಸೀಳಿತು. ಸೀಳಿನ ಮೇಲೆ ಎರಡೂ ಕಡೆ ತಾಮ್ರದ ಪಟ್ಟಿ ಅಂಟಿಸಿ ಬೆಸುಗೆ ಎಳೆದರು. ಬಿರುಕು ನರವಾಯಿತು. ಎಲ್ಲ ಕಡೆ ಹೀಗೆ ಮಾಡುತ್ತಾರೆ, ಇದೂ ಒಂದು ವಿದ್ಯೆ ಅಂದರು.

ನನಗೇಕೆ ಹೇಳಲಿಲ್ಲ ಅಂದೆ.

"ಹೇಳಿದ್ರೆ ನೀನು ಎದ್ದು ಹೋಗ್ತಿದ್ದೆ ಚಲುವ. ಸ್ಕೂಲಿಂದ ಹೋದ ಹಾಗೆ."

ಎಂಥ ಮಾತು. ಅಡ್ಡಡ್ಡ ಎತ್ತಿದ್ದು ಅವರು, ಎದ್ದು ಹೋಗುವವನು ನಾನು. ಇದೇ ತಪ್ಪನ್ನು ನಾನು ಮಾಡಿದ್ದರೆ ನಾಲ್ಕು ಜನರ ಮುಂದೆ ಪಾಠವಾಗುತ್ತಿತ್ತು. ಕೂದಲೆಳೆಯಷ್ಟು ಜಾಸ್ತಿಯಾದರೆ ಬಿಚ್ಚು. ಗಾಜೇ ಸೀಳಿದರೆ ಮುಚ್ಚು.

ನಾರಾಯಣಪ್ಪನವರಿಗೆ ಹೇಳಿ ಅಂದೆ. ಕಿಟಕಿ ಕೆಲಸ ನಿನಗೇ ಸಿಕ್ಕಿದೆಯಲ್ಲ, ಇನ್ನೇನು ಬೇಕು ಎಂದರು.

ಸೆಪ್ಟೆಂಬರ್ 28, ಬುಧವಾರ

ನಾನೇ ಹೋದೆ ಮಂಡಿಗೆ. ಮೂಟೆಗಳ ಮಧ್ಯೆ ಕೂತಿದ್ದರು. ಹೇಳಿದೆ — ನೀವು ಮೆಚ್ಚಿದ ನರ ನನ್ನದಲ್ಲ, ಅದರ ಕೆಳಗೆ ಬಿರುಕಿದೆ, ಮುಚ್ಚಿದ್ದು ಮೇಡಂ. ಬಿರುಕು ಬಿಟ್ಟದ್ದು ಹೇಗೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಕ್ಕಿ ಕಾಳು ಕಚ್ಚಿ ನೋಡುತ್ತಾ ಕೇಳಿಸಿಕೊಂಡರು.

"ಸರಿಯಪ್ಪ. ಆ ನರ ಹಾಕಿದ್ದು ಆಯಮ್ಮ ಅಂದ್ಮೇಲೆ ಕಿಟ್ಕೀನೂ ಆಯಮ್ಮನೇ ಮಾಡ್ಲಿ. ನೀನ್ಯಾಕೆ ಮತ್ತೆ?"

ಮನೆಗೆ ಬಂದೆ.

ನಿಜ ಹೇಳಿದವನಿಗೆ ಟ್ಯುಟೋರಿಯಲ್. ಮುಚ್ಚಿದವರಿಗೆ ಕಿಟಕಿ. ಅಪ್ಪ ಎಲ್ಲ ಕೇಳಿ, ಹೇಳದೇ ಇರೋಕೆ ಆಗ್ತಿರಲಿಲ್ಲವಾ ಎಂದು ಒಂದೇ ಸಲ ಕೇಳಿದರು. ಇಲ್ಲ ಅಂದೆ. ಊಟಕ್ಕೆ ಕೂತರು.

ಅಕ್ಟೋಬರ್ 7, ಶುಕ್ರವಾರ

ಕ್ಲಾಸಿಗೆ ಹೋಗಿಲ್ಲ. ಎದ್ದು ಹೋಗುತ್ತೀಯ ಅಂದಿದ್ದರಲ್ಲ, ಅವರ ಮಾತೇ ನಿಜವಾಯಿತು. ಅದು ಎಲ್ಲಕ್ಕಿಂತ ಉರಿ.

ರಾಮಾನುಜ ಸಾರ್ ಮನೆ ಹುಡುಕಿಕೊಂಡು ಬಂದಿದ್ದರು. ಮೇಡಂ ಮಂಗಳವಾರ ಎಲ್ಲರನ್ನೂ ಕೂರಿಸಿಕೊಂಡು, ಫಲಕ ಎತ್ತಿದ್ದು ಹೇಗೆ, ಒಡೆದದ್ದು ಹೇಗೆ, ಮುಚ್ಚಿದ್ದು ಹೇಗೆ ಎಂದು ಹೇಳಿದರಂತೆ. ಕಾಫಿ ಲೋಟ ಸಮೇತ. ನಾರಾಯಣಪ್ಪನವರಿಗೂ ಕಾಗದ ಬರೆದರಂತೆ — ಹುಡುಗನಿಲ್ಲದೆ ಕಿಟಕಿ ಮಾಡುವುದಿಲ್ಲ ಎಂದು. ಅವರಿಂದ ಇನ್ನೂ ಉತ್ತರವಿಲ್ಲ.

ನಾನಿಲ್ಲದಾಗ ಹೇಳಿದ್ದು. ನನಗೆ ಹೇಳಬೇಕಿತ್ತು, ಮೊದಲ ದಿನ. ಹಾಗೇ ಅಂದೆ ಸಾರ್‌ಗೆ. "ನಂಗ್ಯಾಕಯ್ಯಾ ಹೇಳ್ತೀಯ, ಅವ್ರಿಗೆ ಹೇಳು" ಅಂದು ಛತ್ರಿ ತಗೊಂಡು ಹೋದರು.

ಅಕ್ಟೋಬರ್ 9, ಭಾನುವಾರ, ಬೆಳಿಗ್ಗೆ 9

ಇದ್ದ ಪುಸ್ತಕವನ್ನೆಲ್ಲ ಅಪ್ಪ ಹೊರಗೆ ತೆಗೆದಿಟ್ಟಿದ್ದಾರೆ. ಟ್ಯುಟೋರಿಯಲ್ ಫಾರಮ್ಮೂ ಇದೆ. ಅದರ ಮೇಲೇ ಈ ಪುಸ್ತಕ ಇಟ್ಟುಕೊಂಡು ಬರೆಯುತ್ತಿ—

ವಠಾರದ ಮುಂದೆ ಆಟೋ ನಿಂತಿತು. ಮೇಡಂ. ಇಳಿಯುತ್ತಿದ್ದಾರೆ. ಫಲಕ ತಂದಿದ್ದಾರೆ. ನೆಟ್ಟಗೆ ಹಿಡಿದಿದ್ದಾರೆ, ಎರಡೂ ಕೈಯಲ್ಲಿ. ಆರನೇ ನರ ಇಲ್ಲ. ಆ ತುಂಡನ್ನೇ ಕಿತ್ತಿದ್ದಾರೆ — ಎಲೆಯಲ್ಲಿ ತೂತು, ಅದರೊಳಗಿಂದ ಅವರ ಸೀರೆಯ ಕೆಂಪು ಕಾಣುತ್ತಿದೆ. ಹಸಿರು ಗಾಜಿನ ಹಾಳೆಯೊಂದು ಕಂಕುಳಲ್ಲಿ. ಅಂದರೆ ಕತ್ತರಿಸಬೇಕಾದವನು ನಾನು.

ಇನ್ನೂ ಸಿಟ್ಟಿದೆ. ಹೇಳುತ್ತೇನೆ ಮುಖಕ್ಕೇ.

ಅಪ್ಪ ಹೋದರು ಇಸಿದುಕೊಳ್ಳಲು. ಕೈ ಚಾಚಿದ್ದಾರೆ, ಊಟದ ತಟ್ಟೆ ಹಿಡಿಯುವ ಹಾಗೆ, ಅಡ್ಡಡ್ಡ —