ಸೆರಗಿಗೆ ಕಟ್ಟಿದ ಕಲ್ಲು

ಪಾಂಡವಪುರ
20-11-2024, ಬುಧವಾರ

ಅಕ್ಕಾ,

ನಿನಗೂ ಭಾವನಿಗೂ ನನ್ನ ನಮಸ್ಕಾರ. ಎರಡು ವರ್ಷ ತಡವಾಗಿ ಬರೆಯುತ್ತಿದ್ದೇನೆ. ಬೈದುಕೊ, ಆದರೆ ಓದದೆ ಹರಿದುಹಾಕಬೇಡ. ನೀನು ಫೋನ್ ಎತ್ತುವುದಿಲ್ಲ. ಎತ್ತಿದರೂ ಇದನ್ನೆಲ್ಲ ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಕಿಶನ್‌ನ ಕಾಪಿ ಪುಸ್ತಕದಿಂದ ಹಾಳೆ ಕಿತ್ತುಕೊಂಡು ಕೂತಿದ್ದೇನೆ. ನಿಮ್ಮ ಮನೆಯವರೆಲ್ಲ ಚೆನ್ನಾಗಿದ್ದಾರೆಂದು ಬೆಳ್ಳೂರು ಕ್ರಾಸಿನ ಕಡೆಯವರು ಯಾರೋ ಹೇಳಿದರು. ಒಡಹುಟ್ಟಿದ ಅಕ್ಕನ ಸುದ್ದಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೇಳಿ ತಿಳಿದುಕೊಳ್ಳುವ ಗತಿ ಬಂದಿದೆ ನನಗೆ.

ಅಮ್ಮನ ತಿಥಿಯ ದಿನ ನೀನು ಆ ಹಸಿರು ಸೀರೆ ಕೇಳಿದೆ. ಕೊನೆಗಳಿಗೆಯಲ್ಲಿ ಉಟ್ಟಿದ್ದ ಸೀರೆ, ಹೊಳೆಗೇ ಬಿಡಬೇಕು, ಅದು ಶಾಸ್ತ್ರ ಎಂದು ನಾನು ಹಟ ಹಿಡಿದೆ. "ಅವ್ವನ ಒಂದ್ ಸೀರೆಗೂ ನಾನು ಬಾಧ್ಯಳಲ್ವೇನೆ ಅರ್ಪಿತಾ?" ಎಂದು ಕೇಳಿ, ತಿಥಿ ಮುಗಿದದ್ದೇ ಹೊರಟುಹೋದವಳು ನೀನು, ಇವತ್ತಿನವರೆಗೂ ನಮ್ಮ ಹೊಸ್ತಿಲು ತುಳಿದಿಲ್ಲ. ಆ ಸೀರೆಯ ವಿಷಯಕ್ಕೇ ಬರುತ್ತಿದ್ದೇನೆ. ಸ್ವಲ್ಪ ಬಳಸಿ ಬರುತ್ತೇನೆ, ತಡೆದುಕೊ.

ಮೊನ್ನೆ ಭಾನುವಾರ ನಮ್ಮೆಜಮಾನರು ಮಕ್ಕಳಿಗೆ ನೀರು ಬೀಳುವುದನ್ನು ತೋರಿಸುತ್ತೇನೆಂದು ಹೊರಟರು. ಎಲ್ಲಿಗೆ ಅಂತೀಯ? ಕೆ.ಆರ್. ಪೇಟೆ ಕಡೆ, ಹೇಮಾವತಿಯ ಅದೇ ಕಟ್ಟೆಗೆ. ನಾವು ಅಮ್ಮನ ತಿಥಿ ಮಾಡಿದ್ದು ಕಟ್ಟೆಯ ಮೇಲುಗಡೆ, ಇವರು ಕರೆದೊಯ್ದದ್ದು ನೀರು ಧುಮುಕುವ ಕೆಳಗಡೆಗೆ. "ಬೇರೆ ಎಲ್ಲಾದ್ರೂ ಹೋಗಣ" ಅಂದೆ. "ಯಾಕೆ?" ಅಂದರು ಲೋಕೇಶ್. ಊಟದ ಡಬ್ಬಿಗಳನ್ನು ಚೀಲಕ್ಕೆ ತುಂಬಿದೆ.

ಕಾರನ್ನು ರಸ್ತೆಯಲ್ಲೇ ಬಿಟ್ಟು, ಗುಡ್ಡ ಹತ್ತಿ ಇಳಿದು ಮೂರು ಕಿಲೋಮೀಟರು ನಡಿಗೆ. ಐದು ವರ್ಷದ ದಿವ್ಯ ಅರ್ಧ ದಾರಿ ಅಪ್ಪನ ಹೆಗಲ ಮೇಲೆ. ಕಿಶನ್‌ಗೆ ಎಂಟು, ಹೆಜ್ಜೆಗೊಂದು ಪ್ರಶ್ನೆ. ಪುಳಿಯೋಗರೆ, ಮೊಸರನ್ನ, ಕೋಡುಬಳೆ ಹೊತ್ತವಳು ನಾನು. ಗುಡ್ಡದ ಮೇಲಿನ ಗಾಳಿಗೆ ಒಂದು ಗಳಿಗೆ ಮನಸ್ಸು ಹಗುರವಾದದ್ದೂ ನಿಜ.

ಇಳಿಯುತ್ತಿದ್ದಂತೆ ನೀರಿನ ಸದ್ದಿಗಿಂತ ಮೊದಲು ನಾತ ಬಂತು. ಥೂ, ಅದನ್ನೇನು ಹೇಳಲಿ. ಕೋಳಿ ಪುಕ್ಕ, ಕರುಳು, ಅದಕ್ಕೆ ಮುತ್ತಿದ ನೊಣ. ಒಡೆದ ಬಾಟಲಿಗಳು. ಕೂರಲು ಚೆನ್ನಾಗಿದೆ ಅಂದುಕೊಂಡ ಬಂಡೆಯ ಮೇಲೆ ಯಾರದೋ ಮಗುವಿನ ಡೈಪರು, ಅದೂ ಬಿಚ್ಚಿಕೊಂಡು. ನೀರು ಬೀಳುವ ಮಡುವಿನ ಸುತ್ತ ಕಲ್ಲುಕಲ್ಲಿಗೂ ಸಿಕ್ಕಿಕೊಂಡ ಬಟ್ಟೆಗಳು: ಪಂಚೆ, ಲಂಗ, ಟವೆಲ್ಲು, ಎಲ್ಲ ಪಾಚಿ ಹಿಡಿದು ಲೋಳೆಲೋಳೆ. ಮೇಲುಗಡೆ ಪುಣ್ಯಕ್ಕೆಂದು ಬಿಟ್ಟದ್ದು ಕೆಳಗೆ ಬಂದು ಕೊಳೆಯುತ್ತಿತ್ತು.

ಅಲ್ಲೇ ಒಬ್ಬ ಮನುಷ್ಯ ಸಂಸಾರ ಸಮೇತ ಉಂಡೆದ್ದು, ಎಂಜಲು ತಟ್ಟೆಗಳನ್ನು ಒಟ್ಟಿಗೆ ನೀರಿಗೆಸೆದ. "ಏನಣ್ಣ, ಮಕ್ಕಳು ಆಡೋ ಜಾಗ ಅಲ್ವಾ ಇದು?" ಎಂದೆ. "ಒಳೆ ಕಣಕ್ಕ, ಕೊಚ್ಕಂಡ್ ಒಂಟೋಯ್ತದೆ ಬುಡಿ" ಎಂದು ನಕ್ಕ. ನಾನು ಬಿಡಲಿಲ್ಲ. "ನೀರ್ ನೋಡಕ್ಕೆ ಬಂದಿರೋದು ಕಣೆ, ಜಗಳಕ್ಕಲ್ಲ" ಎಂದು ಲೋಕೇಶ್ ನನ್ನನ್ನು ಎಳೆದುಕೊಂಡು ಬಂದರು. ನನಗೆ ಸಿಟ್ಟು ಇಳಿದಿರಲಿಲ್ಲ, ಮಕ್ಕಳನ್ನು ಕೂರಿಸಿಕೊಂಡು ಪಾಠ ಶುರು ಮಾಡಿದೆ. ತಮ್ಮ ಮನೆಯ ಹೇಸಿಗೆ ತಂದು ಹೊಳೆಗೆ ಹಾಕಿ ಕೈತೊಳೆದುಕೊಳ್ಳುವವರು ಮನುಷ್ಯರೇ ಅಲ್ಲ ಎಂದೆ. ಕಿಶನ್ ತಲೆಯಾಡಿಸಿದ.

ಅದಾಗಿ ಕಾಲು ಗಂಟೆ ಆಗಿರಬೇಕು. ಅಪ್ಪನ ಕೈ ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದ ಕಿಶನ್ ಚೀರಿದ. "ಅಮ್ಮಾ, ಏನೋ ಕಾಲ್ ಇಡ್ಕಂಡೈತೆ!" ಇವರು ಎತ್ತಿದರೆ ಹುಡುಗನ ಕಾಲಿನ ಜೊತೆ ಕಪ್ಪು ಬಟ್ಟೆಯೊಂದು ಮಾರುದ್ದ ಎದ್ದುಬಂತು. ಇನ್ನೊಂದು ತುದಿ ಬರಲಿಲ್ಲ, ಭಾರವಾಗಿತ್ತು. ಲೋಕೇಶ್ ಜಗ್ಗಿ ಎಳೆದರು. ಅದರ ತುದಿಯಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನು ಮೂರು ಗಂಟು ಹಾಕಿ ಬಿಗಿದಿತ್ತು.

"ಸೀರೆಗೆ ಯಾರೋ ಕಲ್ಲು ಕಟ್ಟವ್ರೆ! ಯಾಕಮ್ಮಾ?" ಎಂದ ಕಿಶನ್. ಆಮೇಲೆ ನನ್ನ ಮುಖ ನೋಡಿ, ಪಾಠ ಒಪ್ಪಿಸುವ ಹಾಗೆ, "ಇವ್ರೂ ಮನುಷ್ಯರೇ ಅಲ್ಲ, ಅಲ್ವಾ?" ಎಂದ.

ಅಂಚಿನ ಪಾಚಿಯನ್ನು ಹೆಬ್ಬೆರಳಿನಲ್ಲಿ ಉಜ್ಜಿದೆ ಅಕ್ಕಾ. ಒಳಗೆ ಹಸಿರು. ಸೀರೆಯ ಫಾಲು ಅರ್ಧ ಹಸಿರು ದಾರ, ಅರ್ಧ ಕೆಂಪು ದಾರ. ದಾರ ಮುಗಿಯಿತೆಂದು ಕೆಂಪಿನಲ್ಲಿ ಹೊಲಿದು ಅಮ್ಮನ ಕೈಲಿ ಬೈಸಿಕೊಂಡವಳು ನೀನೇ ಅಲ್ಲವೆ? "ನನ್ ಚೈತ್ರನ ಕೈದು, ಇರ್ಲಿ" ಎಂದು ಆಮೇಲೆ ಅದನ್ನೇ ಉಟ್ಟು ಮೆರೆದಳು ಅಮ್ಮ.

ಗಂಗಮ್ಮ ಒಯ್ದಳೆಂದು ಅವತ್ತು ನಾವೆಲ್ಲ ಕೈ ಮುಗಿದು ಬಂದೆವಲ್ಲ. ಎಲ್ಲಿಗೂ ಒಯ್ದಿರಲಿಲ್ಲ. ನೀರಿನ ಜೊತೆ ಕಟ್ಟೆಯಿಂದ ಕೆಳಗೆ ಬಿದ್ದಿತ್ತು ಅಷ್ಟೆ, ಐವತ್ತು ಮಾರು ದೂರವೂ ಇಲ್ಲ. ಅಲ್ಲಿಂದ ಮುಂದೆ ಮಳೆಗಾಲದ ನೀರಿಗೂ ಕದಲದಂತೆ ಅದನ್ನು ಅಲ್ಲೇ ಹಿಡಿದಿಟ್ಟದ್ದು ಆ ಕಲ್ಲು. ಆ ಕಲ್ಲು ಕಟ್ಟಿದವಳು ನಾನು. ನೀವೆಲ್ಲ ಆಚೆ ಪಿಂಡದ ಹತ್ತಿರ ಇದ್ದಾಗ ಕಟ್ಟಿದೆ.

"ಥೂ, ನಾರ್ತದೆ, ಬಿಸಾಕೆ ಅದನ್ನ" ಎಂದರು ಲೋಕೇಶ್. ನಾನು ಊಟದ ಡಬ್ಬಿಗಳನ್ನು ಅವರ ಕೈಗೆ ಕೊಟ್ಟು ಆ ಚೀಲಕ್ಕೆ ಸೀರೆ ತುಂಬಿದೆ. ಮೂರು ಕಿಲೋಮೀಟರು ಬೆನ್ನ ಮೇಲೆ ಹೊತ್ತು ಬಂದೆ. ದಾರಿಯುದ್ದಕ್ಕೂ ನೀರು ಸೊಂಟಕ್ಕೆ ಇಳಿಯುತ್ತಿತ್ತು. ದಿವ್ಯ ನನ್ನ ಹತ್ತಿರ ಬರಲೇ ಇಲ್ಲ.

ಮೂರು ದಿನದಿಂದ ಒಗೆಯುತ್ತಿದ್ದೇನೆ. ಬಿಸಿನೀರು, ಸೋಪಿನ ಪುಡಿ, ಬ್ರಷ್ಷು. ಮೊದಲ ದಿನ ಬಚ್ಚಲಲ್ಲೇ ಎರಡು ಸಲ ವಾಂತಿ ಮಾಡಿದೆ, ಮತ್ತೆ ಕೂತು ಉಜ್ಜಿದೆ. ಕೈಯಾರೆ ಉಜ್ಜಿದೆ. ನಾತ ಪೂರ್ತಿ ಹೋಗಿಲ್ಲ, ಸೆರಗು ಎರಡು ಕಡೆ ಹರಿದಿದೆ. ಹಿತ್ತಲಿನ ತಂತಿಯ ಮೇಲೆ ಹರವಿದ್ದೇನೆ. ಪೋಸ್ಟಿಗೆ ಹಾಕುವುದಿಲ್ಲ. ನೀನೇ ಬಂದು ತೆಗೆದುಕೊಂಡು ಹೋಗು ಅಕ್ಕಾ.

ಮಕ್ಕಳಿಗೆ ಚಿಕ್ಕಮ್ಮನ ಮುತ್ತು. ಚೆನ್ನಾಗಿ ಓದಿ ನೂರು ಕಾಲ ಬಾಳಲಿ. ನಮ್ಮ ಹಾಗೆ ಮಾತು ಬಿಟ್ಟು ಕೂರದಿರಲಿ.

ನಿನ್ನ ತಂಗಿ,
ಅರ್ಪಿತ

ತಾ.ಕ.: ಸಹಿ ಹಾಕಿ ಮಡಚಿದ ಹಾಳೆಯನ್ನು ಮತ್ತೆ ಬಿಚ್ಚಿದ್ದೇನೆ. ಶಾಸ್ತ್ರ ಗೀಸ್ತ್ರ ಏನೂ ಇರಲಿಲ್ಲ. ತೀರಿಹೋದ ದಿನ ಮಧ್ಯಾಹ್ನ, ಹಾಸಿಗೆ ಹಿಡಿದಿದ್ದ ಅಮ್ಮ ಸೀರೆಯಲ್ಲೇ ಹೇಲಿಕೊಂಡಿದ್ದಳು. ನಾನು ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತೆ. ಅಮ್ಮ ನನ್ನ ಮುಖ ನೋಡಿದಳು. "ಅಸಹ್ಯ ಆಯ್ತದೇನವ್ವ? ಓಗ್ಲಿ ಬುಡು. ಚೈತ್ರ ಬತ್ತಾವ್ಳೆ, ಅವ್ಳು ತೊಳೀತಾಳೆ" ಅಂದಳು. ನಿನಗೆ ನಾಗಮಂಗಲದಲ್ಲಿ ಬಸ್ಸು ತಪ್ಪಿತ್ತು. ನಾನು ಬಾಗಿಲು ಎಳೆದುಕೊಂಡು ಅಡಿಗೆಮನೆಗೆ ಹೋದೆ. ಮೂರು ಗಂಟೆ ಅಮ್ಮ ಅದರಲ್ಲೇ ನಿನ್ನ ದಾರಿ ಕಾಯುತ್ತ ಮಲಗಿದ್ದಳು. ಜೀವ ಹೋದದ್ದೂ ಅದರಲ್ಲೇ. ಪಕ್ಕದ ಮನೆಯ ಮಾಯಮ್ಮ ಬಂದು ತೊಳೆದು ಬೇರೆ ಸೀರೆ ಉಡಿಸಿದರು, ನಾನು ಆಗಲೂ ಮುಟ್ಟಲಿಲ್ಲ. ಹಸಿರು ಸೀರೆಯನ್ನು ತಿಥಿಯವರೆಗೆ ಕವರಿನಲ್ಲಿ ಸುತ್ತಿ ಹಿತ್ತಲಲ್ಲಿ ಇಟ್ಟಿದ್ದೆ. ಅದು ನಿನ್ನ ಕೈಗೆ ಬಂದಿದ್ದರೆ, ಬಿಚ್ಚಿದ ತಕ್ಷಣ ನಿನಗೆ ಎಲ್ಲ ಗೊತ್ತಾಗುತ್ತಿತ್ತು. ಅದಕ್ಕೇ ಕಲ್ಲು ಕಟ್ಟಿದೆ.