ಇಪ್ಪತ್ತಮೂರು ತೆನೆ ಮೆಕ್ಕೆಜೋಳ

ಆಗುವಾಸ್ ಕಲಿಯೆಂತೆಸ್
ಸೋಮವಾರ, 12 ಆಗಸ್ಟ್ 2024

ಪ್ರೀತಿಯ ಕೊಮಾದ್ರೆ ಎಲ್ವಿರಾ,

ನೀನು, ರೊಮುಲೋ, ಮಕ್ಕಳು ಎಲ್ಲರೂ ಲಿಮಾದ ಆ ತೇವದ ಚಳಿಯಲ್ಲಿ ಕೆಮ್ಮು ನೆಗಡಿ ಇಲ್ಲದೆ ಇದ್ದೀರೆಂದು ನಂಬಿದ್ದೇನೆ. ಇಲ್ಲಿ ನಾವು ಕ್ಷೇಮ. ನಿನ್ನ ಧರ್ಮಪುತ್ರಿ ರುಫಿನಾ ಡಿಸೆಂಬರಿನಲ್ಲಿ ಗೈಡ್ ಪರೀಕ್ಷೆಗೆ ಕೂರುತ್ತಾಳೆ. ಅವಳಿಗೆ ಜ್ಞಾನಸ್ನಾನ ಮಾಡಿಸುವಾಗ ಎತ್ತಿ ಹಿಡಿದವಳು ನೀನು, ನಾವಿಬ್ಬರೂ ಕೊಮಾದ್ರೆಯರಾದದ್ದು ಅವತ್ತೇ, ಆದ್ದರಿಂದ ಮೊದಲು ಅವಳ ಸುದ್ದಿ ಬರೆದೆ.

ಉತ್ತರ ತಡವಾಯಿತು, ಕ್ಷಮಿಸು. ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ. ಎರಡು ಸಲ ಬರೆದು ಹರಿದು ಒಲೆಗೆ ಹಾಕಿದೆ. ನೀನು ಜೂನ್‌ನಲ್ಲಿ ಏಳು ನಿಮಿಷದ ಧ್ವನಿ ಸಂದೇಶ ಕಳಿಸಿದ್ದೆ, ನಾನೂ ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಬಾಯಿ ತೆರೆದರೆ ನಾನು ಕೂಗಾಡುತ್ತೇನೆ, ನೀನು ಅದನ್ನು ಹಳೇ ಸಹಪಾಠಿಗಳ ಗುಂಪಿಗೆಲ್ಲ ಕೇಳಿಸಿ ನಗುತ್ತೀಯ. ಕಾಗದವನ್ನು ಒಬ್ಬಳೇ ಕೂತು ಓದಬೇಕಾಗುತ್ತದೆ. ಅದಕ್ಕೇ ಕಾಗದ.

ಮೊದಲು ನೀನು ಕೇಳಿದ್ದನ್ನು ಹೇಳಿಬಿಡುತ್ತೇನೆ. ಶಾಲೆ ಮುಗಿಸಿ ಮೂವತ್ತು ವರ್ಷವಾಯಿತು, ಹದಿನಾಲ್ಕು ಜನ ಸೇರಿ ನಮ್ಮೂರ ಮೇಲಿನ ಬೆಟ್ಟದ ಮಾಚು ಪಿಚು ನೋಡಬೇಕು, ಖರ್ಚು ಆದಷ್ಟು ಕಡಿಮೆ ಇರಬೇಕು, ಅಲ್ಲವೇ? ಸರಿ, ಕೇಳು.

ಲಿಮಾದಿಂದ ಕುಸ್ಕೊಗೆ ಬಸ್ಸಿನಲ್ಲಿ ಬನ್ನಿ. ಒಂದು ಹಗಲು ಒಂದು ರಾತ್ರಿ ಸೊಂಟ ಮುರಿದುಹೋಗುತ್ತದೆ, ಮುರಿಯಲಿ. ಪ್ರವಾಸಿಗಳ ನೀಲಿ ರೈಲಿನ ಹತ್ತಿರ ಸುಳಿಯಬೇಡಿ, ಅದರಲ್ಲಿ ಕಿಟಕಿಗೂ ದುಡ್ಡು ಕೊಡಬೇಕು. ನಮ್ಮ ದೇಶದವರಿಗೆಂದು ಇರುವ ರೈಲಿಗೆ ಗುರುತಿನ ಚೀಟಿ ಹಿಡಿದು ನಿಲ್ದಾಣದಲ್ಲೇ ಸಾಲು ನಿಲ್ಲಬೇಕು. ಹದಿನಾಲ್ಕು ಜನರಿಗೆ ಒಟ್ಟಿಗೆ ಜಾಗ ಸಿಕ್ಕರೆ ನಾನು ನನ್ನ ಜಡೆ ಕತ್ತರಿಸಿಕೊಳ್ಳುತ್ತೇನೆ. ಆದ್ದರಿಂದ ಸಾಂತಾ ತೆರೇಸಾ ದಾರಿ ಹಿಡಿಯಿರಿ. ವ್ಯಾನಿನವನು ಕಣಿವೆಯ ಅಂಚಿನಲ್ಲಿ ಓಡಿಸುವಾಗ ಕಣ್ಣು ಮುಚ್ಚಿಕೊಳ್ಳಿ. ವಿದ್ಯುತ್ ಸ್ಥಾವರದ ಬಳಿ ಇಳಿದು ಹಳಿಯ ಪಕ್ಕದಲ್ಲಿ ಮೂರು ಗಂಟೆ ನಡೆದರೆ ನಮ್ಮೂರು. ಮಳೆಗೆ ಪ್ಲಾಸ್ಟಿಕ್ ಹೊದಿಕೆಯನ್ನು ಕುಸ್ಕೊದಲ್ಲೇ ಕೊಳ್ಳಿ, ಇಲ್ಲಿಯವರು ಮೂರು ಪಟ್ಟು ಕೀಳುತ್ತಾರೆ. ಇಲ್ಲಿಯವರು ಅಂದರೆ ನಮ್ಮವರೇ.

ಭಾನುವಾರ ಮೇಲೆ ಹತ್ತಿ. ಕುಸ್ಕೊ ಸೀಮೆಯಲ್ಲಿ ಹುಟ್ಟಿದವರಿಗೆ ಅವತ್ತು ಪ್ರವೇಶ ಬಿಟ್ಟಿ. ರೊಮುಲೋ ಹುಟ್ಟಿದ್ದು ಅರೆಕಿಪಾದಲ್ಲಿ, ಅವನು ಪೂರ್ತಿ ದುಡ್ಡು ಕೊಡಬೇಕು. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಂತೋಷವಾಯಿತು.

ಇನ್ನು ಊಟದ ವಿಷಯ. ನಿನ್ನ ಸಂದೇಶದಲ್ಲಿ ಹೇಗಿತ್ತೋ ಹಾಗೇ ಬರೆಯುತ್ತೇನೆ, ನನಗೆ ಬಾಯಿಪಾಠವಾಗಿದೆ. "ಬಾಸಿ, ಊಟದ ಖರ್ಚು ಒಂದು ಉಳಿದ್ರೆ ಎಲ್ಲಾ ಸಲೀಸು ಕಣೇ. ಮಾರ್ಕೆಟ್ಟಲ್ಲಿ ನಿಂದೇ ಅಂಗಡಿ ಇದೆ. ಹದಿನಾಲ್ಕು ಜನಕ್ಕೆ ಬುತ್ತಿ ಕಟ್ಟಿ ಇಟ್ಕೊಂಡು ಕೆಳಗಿರು, ನಾವು ಇಳಿದು ಬಂದು ತಿಂತೀವಿ. ನೀನು ಅಲ್ಲೇ ಇರೋಳು, ಯಾವತ್ತು ಬೇಕಾದ್ರೂ ಹತ್ತಿ ನೋಡ್ಬೋದು." ನಿನ್ನ ಹಿಂದೆ ಯಾರೋ ನಕ್ಕರು. ರೊಮುಲೋ ಇರಬೇಕು.

ಆಗ ನಾನು ಸೂಪಿಗೆ ಕ್ಯಾರೆಟ್ ಹೆಚ್ಚುತ್ತಿದ್ದೆ. ಚಾಕುವನ್ನು ಕೆಳಗಿಟ್ಟು, ಅಂಗಡಿಯ ಮುಂದೆ ಕೂತಿದ್ದ ಇಬ್ಬರು ಕೂಲಿಗಳಿಗೆ "ಇವತ್ತು ಸೂಪ್ ಇಲ್ಲ, ಏಳಿ" ಎಂದುಬಿಟ್ಟೆ. ಪಾಪ, ಅವರು ಏನೂ ಮಾಡಿರಲಿಲ್ಲ.

ಮತ್ತೆ ಊಟ ಹೊತ್ತು ಕಾಯುವವಳು ನಾನೇ, ಅಲ್ಲವೇ ಎಲ್ವಿರಾ?

ನೆನಪಿಸಿಕೊ. ಸಿಕ್ವಾನಿಯ ಶಾಲೆಯಲ್ಲಿ ನಮ್ಮ ಕೊನೆಯ ವರ್ಷ. ಮಾಚು ಪಿಚು ಪ್ರವಾಸಕ್ಕೆಂದು ಎಂಟು ಭಾನುವಾರ ಅಂಗಳದಲ್ಲಿ ಕೋಳಿ ಹುರಿದು ಮಾರಿದೆವು. ನಿನ್ನ ಅಮ್ಮ ಚೀಟಿ ಮಾರುತ್ತಿದ್ದರು, ನನ್ನ ಅಮ್ಮ ಕೋಳಿಯ ಗರಿ ಕೀಳುತ್ತಿದ್ದಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿಯ ಚರ್ಮ ಸುಲಿದುಹೋಗಿತ್ತು. "ನಾನಂತೂ ಅದನ್ನ ನೋಡಲ್ಲ, ನೀನು ನೋಡ್ಕೊಂಡು ಬಂದು ನಂಗೆ ಹೇಳು" ಎಂದಿದ್ದಳು. ಅವಳು ಕೇಳಿದ್ದು ಅಷ್ಟೇ.

ದಾರಿಯಲ್ಲಿ ರೈಲು ಒಯಾಂತಾಯ್ತಾಂಬೊ ನಿಲ್ದಾಣದಲ್ಲಿ ನಿಂತಾಗ ಮೇಷ್ಟ್ರು ಎಲ್ಲರಿಗೂ ತಿನ್ನಲು ತರಬೇಕೆಂದರು. ಮೇಷ್ಟ್ರೂ ಸೇರಿ ನಾವು ಇಪ್ಪತ್ತಮೂರು ಜನ. ಬೇಯಿಸಿದ ಮೆಕ್ಕೆಜೋಳ, ಜೊತೆಗೆ ಗಿಣ್ಣಿನ ತುಂಡು. ಗಾಡಿಯೊಳಗೆ ಮಾರುವವರ ಬಳಿ ಬೆಲೆ ಜಾಸ್ತಿ, ಹೊರಗೆ ಗೇಟಿನಾಚೆ ಕಡಿಮೆ. ಉಳಿತಾಯದ ಯೋಚನೆ ಯಾರದ್ದು? ನಿನ್ನದು. "ಬಾಸಿ ಚುರುಕು, ಅವಳನ್ನ ಕಳ್ಸಿ ಮೇಷ್ಟ್ರೇ" ಎಂದೆ. ನನ್ನ ಕಡೆ ತಿರುಗಿ ನೀನೇ "ಹೋಗೇ, ರೈಲು ಹೊರಟ್ರೆ ನಾನು ಗಾರ್ಡಿಗೆ ಹೇಳಿ ನಿಲ್ಲಿಸ್ತೀನಿ" ಎಂದೆ.

ಇಪ್ಪತ್ತಮೂರು ತೆನೆಯನ್ನು ಹೊದಿಕೆಯಲ್ಲಿ ಕಟ್ಟಿ ಬೆನ್ನಿಗೇರಿಸಿಕೊಂಡು ಓಡಿ ಬಂದೆ. ಗಾಡಿ ಜರುಗುತ್ತಿತ್ತು. ನೀನು ಕಿಟಕಿಯಲ್ಲಿದ್ದೆ, ರೊಮುಲೋ ನಿನ್ನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ನನ್ನ ಕಣ್ಣು ನಿನ್ನ ಕಣ್ಣು ಸೇರಿತು. ನೀನು ಕೂಗಲಿಲ್ಲ. ಕೈ ಬೀಸಿದೆ, ಬೀಳ್ಕೊಡುವವರ ಹಾಗೆ. ನನ್ನ ಬೆನ್ನು ಜೋಳದ ಬಿಸಿಗೆ ಉರಿಯುತ್ತಿತ್ತು.

ಮರುದಿನ ಸಂಜೆ ನಿಮ್ಮ ರೈಲು ಹಿಂದಿರುಗುವವರೆಗೆ ಅದೇ ನಿಲ್ದಾಣದಲ್ಲಿ ಕೂತಿದ್ದೆ. ಐದು ತೆನೆ ತಿಂದೆ, ಉಳಿದದ್ದನ್ನು ಪ್ರಯಾಣಿಕರಿಗೆ ಮಾರಿದೆ. ಮಾರ್ಕೆಟ್ಟಿನ ಕಸುಬನ್ನು ನಾನು ಅಲ್ಲಿಯೇ ಕಲಿತದ್ದು, ನಿನಗೆ ಅದಕ್ಕಾದರೂ ಕೃತಜ್ಞಳಾಗಿರಬೇಕೇನೋ.

ನೀವೆಲ್ಲ ಬಂದಿರಿ. ಮೇಷ್ಟ್ರ ಮುಖ ಬಿಳುಚಿಕೊಂಡಿತ್ತು. ಕೆಲಸ ಹೋಗುತ್ತದೆಂಬ ಭಯ ಅವರಿಗೆ. "ಊರಲ್ಲಿ ಯಾರೂ ಬಾಯಿ ಬಿಡ್ಬಾರ್ದು. ಎಲ್ವಿರಾ, ನೀನು ನೋಡಿದ್ದನ್ನೆಲ್ಲ ಇವಳಿಗೆ ಹೇಳ್ಕೊಡು" ಎಂದರು. ಯಾಕೆಂದರೆ ಕೋಳಿ ಹುರಿದ ತಾಯಂದಿರೆಲ್ಲ ಶಾಲೆಯಲ್ಲಿ ಸೇರುತ್ತಿದ್ದರು, ಪ್ರವಾಸ ಹೋದ ಮಕ್ಕಳು ಒಬ್ಬೊಬ್ಬರಾಗಿ ನಿಂತು ಕಂಡದ್ದನ್ನು ಅವರಿಗೆ ಹೇಳಬೇಕಿತ್ತು. ಸಿಕ್ವಾನಿಯ ಪದ್ಧತಿ ಅದು, ಈಗಲೂ ಇದೆ.

ಗಾಡಿಯಲ್ಲಿ ನನ್ನ ಪಕ್ಕ ಕೂತು ನೀನು ಹೇಳಿದೆ. ಮೋಡ ಸರಿದದ್ದು, ಮೆಟ್ಟಿಲು, ನೀರಿನ ಕಾಲುವೆ. ಆಮೇಲೆ ಆ ಕಲ್ಲಿನ ಪೀಠ. ಮೇಲ್ಗಡೆಯ ಮೂಲೆಯಲ್ಲಿ, ಬಿಸಿಲು ಬೀಳುವ ಗೋಡೆಗೆ ಆತುಕೊಂಡು, ಇಬ್ಬರು ಕೂರುವಷ್ಟು ಅಗಲದ ಪೀಠ, ಮುಟ್ಟಿದರೆ ಬೆಚ್ಚಗೆ. "ನಾನು ಅರ್ಧಕ್ಕೆ ಕೂತೆ ಕಣೇ ಬಾಸಿ. ಇನ್ನರ್ಧ ನಿಂಗೆ ಅಂತ ಬಿಟ್ಟಿದ್ದೆ. ಯಾರನ್ನೂ ಕೂರೋಕೆ ಬಿಡ್ಲಿಲ್ಲ" ಎಂದೆ. ಆ ಮಾತಿಗೆ ನಾನು ಅತ್ತೆ, ನಿನ್ನನ್ನು ಕ್ಷಮಿಸಿದೆ. ಮುಂದೆ ನನ್ನ ಮಗಳಿಗೆ ನಿನ್ನನ್ನೇ ಧರ್ಮತಾಯಿ ಮಾಡಿದ್ದೂ ಆ ಅರ್ಧ ಪೀಠದ ಋಣಕ್ಕೆ.

ಶಾಲೆಯಲ್ಲಿ ನನ್ನ ಸರದಿ ಬಂದಾಗ ಆ ಕಲ್ಲಿನ ಕಥೆ ಹೇಳಿದೆ. ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ನನಗೇ ಬಿತ್ತು. ಅಮ್ಮ ಸುಲಿದ ಬೆರಳುಗಳಿಂದ ಕಣ್ಣೊರೆಸಿಕೊಂಡಳು. ಆಮೇಲೆ ಸಂತೆಯಲ್ಲಿ ಆಲೂಗಡ್ಡೆ ಕೊಳ್ಳಲು ಬಂದವರಿಗೆಲ್ಲ "ನನ್ನ ಮಗಳು ಇಂಕಾನ ಪೀಠದ ಮೇಲೆ ಕೂತು ಬಂದೋಳು" ಎನ್ನುತ್ತಿದ್ದಳು. ಮದುವೆಯಾದ ಮೇಲೆ ಗಂಡನಿಗೂ ಅದೇ ಕಥೆ ಹೇಳಿದೆ, ಮಗಳಿಗೂ ಹೇಳಿದೆ. ಈ ಊರಿಗೆ ಬಂದು ಹತ್ತೊಂಬತ್ತು ವರ್ಷ. ಮೇಲೆ ಹೋಗೋಣ ಎಂದಾಗಲೆಲ್ಲ ಗಂಡ "ನೀನು ನೋಡಿದೀಯಲ್ಲ, ಭಾನುವಾರದ ವ್ಯಾಪಾರ ಯಾಕೆ ಕಳ್ಕೋತೀಯ" ಎನ್ನುತ್ತಾನೆ. ನಾನು ಏನು ಹೇಳಲಿ? ಹೇಳಿದ ಸುಳ್ಳು ಬಾಗಿಲಿಗೆ ಅಡ್ಡ ನಿಂತಿದೆ. ಯಾವತ್ತು ಬೇಕಾದರೂ ಹತ್ತಿ ನೋಡಬಹುದು ಎಂದೆಯಲ್ಲ, ನೋಡು, ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಆಗಲಿಲ್ಲ.

ಹೋದ ಚಳಿಗಾಲದಲ್ಲಿ ರುಫಿನಾ ತರಬೇತಿಗೆಂದು ಮೇಲೆ ಹೋಗಿ ಬಂದಳು. "ಅಮ್ಮಾ, ನೀನು ಹೇಳ್ತಿದ್ಯಲ್ಲ ಆ ಪೀಠ, ಎಲ್ಲಾ ಮೂಲೇಲೂ ಹುಡುಕ್ದೆ. ಇಲ್ಲ. ಹಳೇ ಕಾವಲುಗಾರರನ್ನೂ ಕೇಳ್ದೆ, ನಕ್ಬಿಟ್ರು" ಎಂದಳು. ನಾನು ಅವಳ ಮೇಲೇ ರೇಗಿದೆ. "ನೀನು ಸರಿಯಾಗಿ ನೋಡಿಲ್ಲ. ಕಣ್ಣು ಫೋನಲ್ಲಿತ್ತು" ಎಂದು ಬೈದೆ. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನಿನ್ನ ಪರವಾಗಿ ನಾನು ನನ್ನ ಮಗಳ ಜೊತೆ ಜಗಳವಾಡಿದ್ದೇನೆ, ಇದು ನಿನಗೆ ಗೊತ್ತಿರಲಿ.

ಈಗ ನನ್ನ ತೀರ್ಮಾನ ಕೇಳು. ನಾನು ಬುತ್ತಿ ಕಟ್ಟುವುದಿಲ್ಲ. ಹದಿನಾಲ್ಕು ಜನರಿಗೂ ಇಲ್ಲ, ನಿನ್ನೊಬ್ಬಳಿಗೂ ಇಲ್ಲ. ಮಲಗಲು ನನ್ನ ಮನೆಯ ನೆಲವೂ ಸಿಗುವುದಿಲ್ಲ, ಅಗ್ಗದ ಕೋಣೆಗಳು ನಿಲ್ದಾಣದ ಹಿಂದಿನ ಬೀದಿಯಲ್ಲಿವೆ, ವಿಚಾರಿಸಿಕೊಳ್ಳಿ. ನೀವು ಬರುವ ಭಾನುವಾರ ನನ್ನ ಅಂಗಡಿಗೆ ಬೀಗ. ಗಂಡನಿಗೆ ನಿನ್ನೆ ಎಲ್ಲವನ್ನೂ ಹೇಳಿದೆ. ಅವನು ನನ್ನ ಹಳೇ ಬೂಟನ್ನು ತಿರುಗಿಸಿ ನೋಡಿ, "ಹಾಗಾದ್ರೆ ನಿನ್ನ ಬೂಟಿಗೆ ಹೊಲಿಗೆ ಹಾಕಿಸ್ತೀನಿ" ಎಂದ. ಮದುವೆಯಾದ ಮೇಲೆ ಅವನು ಆಡಿದ ಒಳ್ಳೆಯ ಮಾತುಗಳನ್ನು ಲೆಕ್ಕ ಹಾಕಿದರೆ ಇದು ಮೂರನೆಯದು. ಬೆಳಿಗ್ಗೆ ಆರಕ್ಕೆ ನಾನೂ ರುಫಿನಾಳೂ ಸೇತುವೆ ದಾಟಿ ಮೆಟ್ಟಿಲು ಹತ್ತುತ್ತೇವೆ. ನಿಮಗೆ ಬೇಕಿದ್ದರೆ ಹಿಂದೆ ಬನ್ನಿ. ಯಾರಿಗೂ ಕಾಯುವುದಿಲ್ಲ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಚಿಕ್ಕವಳ ಉಬ್ಬಸಕ್ಕೆ ಮೂನ್ಯಾ ಸೊಪ್ಪನ್ನು ಒಣಗಿಸಿ ಈ ಕಾಗದದ ಜೊತೆ ಕಳಿಸಿದ್ದೇನೆ, ಕುದಿಸಿ ಕುಡಿಸು. ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ತಾಯಿ ಭೂಮಿಯೂ ಮೇಲಿನ ದೇವರೂ ನಿಮ್ಮನ್ನು ಕಾಯಲಿ.

ನಿನ್ನ ಕೊಮಾದ್ರೆ,
ಬಸಿಲಿಸಾ

ಮರೆತ ಮಾತು: ಮರೆತಿಲ್ಲ, ಕೈ ಬರಲಿಲ್ಲ ಅಷ್ಟೇ. ನಿನ್ನ ಸಂದೇಶದ ಕೊನೆಯಲ್ಲಿ ನಗುತ್ತಾ ಹೇಳಿದೆ: "ಈ ಸಲ ನಾನೂ ರೊಮುಲೋನೂ ಸರಿಯಾಗಿ ನೋಡ್ಬೇಕು ಕಣೇ. ಅವತ್ತು ನಾವಿಬ್ರೂ ಮೇಲಕ್ಕೇ ಹೋಗ್ಲಿಲ್ಲವಲ್ಲ, ಮೇಷ್ಟ್ರ ಕಣ್ಣು ತಪ್ಪಿಸಿ ಹೊಳೆ ದಂಡೇಲೇ ಕೂತಿದ್ವಿ, ನೆನಪಿದ್ಯಾ?" ನನಗೆ ಹೇಗೆ ನೆನಪಿರಬೇಕು, ಎಲ್ವಿರಾ? ನನಗೆ ಹೇಳಿದ ಸುಳ್ಳನ್ನು ನೀನು ಮರೆತೇಬಿಟ್ಟಿದ್ದೀಯ. ರೈಲು ನಿಲ್ಲಿಸದೆ ಇದ್ದದ್ದನ್ನು ನಾನು ಸಹಿಸಿದ್ದೆ. ಆರು ವರ್ಷದ ಹಿಂದೆ ಅಮ್ಮ ಹಾಸಿಗೆ ಹಿಡಿದಿದ್ದಳಲ್ಲ, ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು "ಆ ಕಲ್ಲು ನಿಜವಾಗ್ಲೂ ಬೆಚ್ಚಗಿತ್ತಾ, ಮಗಳೇ?" ಎಂದು ಕೇಳಿದಳು. ಬೆಚ್ಚಗಿತ್ತಮ್ಮ ಎಂದೆ. ಅದರ ಮೇಲೆ ಕೂತವಳು ನಾನಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಕಲ್ಲಾದರೂ ನಿಜ ಎಂದುಕೊಂಡಿದ್ದೆ.